ನಲವತ್ತೊಂದು ದೋಷಗಳ ನಗರ

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಆ ಎರಡನೆಯ ಗುಂಪಿನವರಿಗೆ ಹಲ್ಲು ಮಾಡಿಕೊಡುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಒಂದೇ ಲ್ಯಾಬಿನ ಒಂದೇ ಮೂಲೆಯಲ್ಲಿ ಕೂತು ಮೇಣದ ಅಚ್ಚಿಗೆ ಹಲ್ಲು ಕೂರಿಸುತ್ತಿದ್ದೇನೆ. ನನ್ನ ಮೇಲಧಿಕಾರಿಗೆ ಕೋರೆಹಲ್ಲು ಯಾವುದು, ದವಡೆಹಲ್ಲು ಯಾವುದು ಅಂತ ಇವತ್ತಿಗೂ ಅನುಮಾನ. ಹೀಗಿರುವಾಗ, ಅಕ್ಕ ಇರುವ ನಗರದ ದೊಡ್ಡ ಲ್ಯಾಬೊಂದರಿಂದ ಕರೆ ಬಂತು. ಮುಖ್ಯಸ್ಥೆಯಾಗಿ ಬನ್ನಿ, ಸೋಮವಾರದೊಳಗೆ ತಿಳಿಸಿ ಅಂದರು. ಸುತ್ತಿ ಬಳಸಿ ಹೇಳುವುದೇಕೆ, ನನಗೆ ಆ ಕೆಲಸ ನಿದ್ದೆ ಬಾರದಷ್ಟು ಬೇಕಾಗಿತ್ತು.

ಆದರೆ ನಮ್ಮವರು ಹೂಂ ಅನ್ನಬೇಕಲ್ಲ.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ಈ ನಗರದ ಲಿಫ್ಟುಗಳು ಈಗ ಭಾರೀ ಜಾಣವಾಗಿವೆ. ಮೈಗೆ ಹುಷಾರಿಲ್ಲದಿದ್ದರೆ ಆಫೀಸಿನ ಪರದೆಗೆ ತಾವೇ ತಿಳಿಸುತ್ತವೆ, ಅಲ್ಲಿಂದಲೇ ಯಾರೋ ಗುಂಡಿ ಒತ್ತಿ ಸರಿಮಾಡುತ್ತಾರೆ. ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಪರದೆಯ ಮುಂದೆ ಕೂತು ಸಂಜೆ ಹಾಗೇ ವಾಪಸು ಬರುತ್ತಾರೆ. ಇಂಥ ಸುಖದ ನೌಕರಿ ಬಿಟ್ಟು ಯಾರಾದರೂ ಬರುತ್ತಾರೆಯೇ ಎಂಬುದೇ ನನ್ನ ಹೆದರಿಕೆ.

"ನೋಡದೆ ಹೆಂಗೆ ಹೇಳೋದು? ತಪಾಸಣೆ ಮಾಡ್ತೀನಿ," ಅಂದರು.

ತಪಾಸಣೆ ಅಂದರೆ ತಪಾಸಣೆಯೇ. ಲಿಫ್ಟಿಗೆ ತುಂಬುವ ಫಾರಂ ಎರಡು ತೆಗೆದುಕೊಂಡು, ನಗರಕ್ಕೊಂದು ಅಂತ ಹೆಸರು ಬರೆದರು. ಸದ್ದು, ಅಲುಗಾಟ, ಬಾಗಿಲು, ಭಾರ, ಕಾಯಿಸುವ ಹೊತ್ತು. ಮೊದಲೇ ಮೊಸರಿನಲ್ಲಿ ಕಲ್ಲು ಹುಡುಕುವ ಮನುಷ್ಯ, ಕೈಗೆ ಫಾರಂ ಬೇರೆ ಸಿಕ್ಕಿತು. ನಮ್ಮ ನಗರದ ಫಾರಮ್ಮನ್ನು ಗುರುವಾರ ಊಟದ ಮೇಜಿನಲ್ಲೇ ಕೂತು ಮೂರು ನಿಮಿಷದಲ್ಲಿ ಮುಗಿಸಿ, ನನಗೂ ತೋರಿಸದೆ ಮಡಚಿ ಜೇಬಿಗೆ ಇಟ್ಟರು. ಶುಕ್ರವಾರ ಇಬ್ಬರೂ ರೈಲು ಹತ್ತಿದೆವು.

ಅಕ್ಕನ ಊರಿನ ಸ್ಟೇಷನ್ನಿನಲ್ಲಿ ಇಳಿದದ್ದೇ ಶುರು. ಎಸ್ಕಲೇಟರ್ ಕಿರುಗುಟ್ಟಿತು, ಬರೆದುಕೊಂಡರು. ನಮ್ಮೂರಲ್ಲಿ ಬಸ್ಸು ನಾಲ್ಕು ನಿಮಿಷ ಅಂದರೆ ನಾಲ್ಕೇ ನಿಮಿಷ. ಇಲ್ಲಿ ಹದಿನೇಳು ನಿಮಿಷ ಕಾದೆವು, ಬರೆದುಕೊಂಡರು. ಬಸ್ಸಿನ ಬಾಗಿಲು ಒಬ್ಬಳ ಚೀಲವನ್ನು ಕಚ್ಚಿಕೊಂಡೇ ಎರಡು ಸ್ಟಾಪು ಹೋಯಿತು. ಫುಟ್‌ಪಾತಿನ ಕಲ್ಲೊಂದರ ಮೇಲೆ ನಿಂತು, ಹಿಂದಕ್ಕೂ ಮುಂದಕ್ಕೂ ತೂಗಿ ನೋಡಿ, "ಅಲುಗಾಟ, ಎರಡು ಬೆರಳು," ಅಂದರು. ದಾರಿಹೋಕರು ನಿಂತು ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎರಡು ಬೆರಳು ಅಗಲ ಬಿಟ್ಟರೂ ಸಾಕಾಗಿತ್ತು.

ಅಕ್ಕನ ಮನೆ ಆರನೇ ಮಹಡಿ. ಕೆಳಗಡೆ ಲಿಫ್ಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. 'ಕೆಟ್ಟಿದೆ.' ಚೀಟಿಯೇ ಹಳದಿ ಬಣ್ಣಕ್ಕೆ ತಿರುಗಿತ್ತು.

"ಎಷ್ಟು ದಿನ ಆಯ್ತು?" ಅಂತ ಇವರು ಕೇಳಿದರು.

"ಇಪ್ಪತ್ಮೂರು ದಿನ," ಅಂದಳು ನಮಗಾಗಿ ಮೆಟ್ಟಿಲಿಳಿದು ಬಂದಿದ್ದ ಅಕ್ಕ. ಅವಳ ಮಂಡಿಗೆ ಬಟ್ಟೆ ಸುತ್ತಿತ್ತು. "ಕಂಪನಿಯವರು ಇವತ್ತು ಬರ್ತೀವಿ, ನಾಳೆ ಬರ್ತೀವಿ ಅಂತಾರೆ. ನೀವು ಆರಾಮಾಗಿ ಮೇಲೆ ಬನ್ನಿ, ಕಾಫಿ ಕುಡಿಯೋಣ."

ನಾವಿಬ್ಬರು ಮೇಲೆ ಹೋದೆವು. ಇವರು ಬರಲಿಲ್ಲ. ಕಾಫಿ ಆರಿತು. ಇಣುಕಿ ನೋಡಿದರೆ ಇಸ್ತ್ರಿ ಅಂಗಿಯನ್ನು ಮೆಟ್ಟಿಲಿನ ಕಂಬಿಗೆ ನೇತುಹಾಕಿ, ಬನಿಯನ್ನಿನಲ್ಲೇ ಮೆಷಿನ್ ರೂಮಿನ ಬಾಗಿಲು ತೆಗೆಸಿದ್ದಾರೆ. ಕಟ್ಟಡದ ಕಾವಲುಗಾರ ಟಾರ್ಚು ಹಿಡಿದು ನಿಂತಿದ್ದಾನೆ. ಇವರ ಬಾಯಿಯಿಂದ ಬೈಗುಳದ ಮಳೆ.

"ಯಾವನ್ರೀ ಈ ಬ್ರೇಕು ಕೂರಿಸಿದ್ದು? ಅವನಿಗೆ ಕೈ ಇತ್ತೋ ಇಲ್ವೋ?"

ಕಾವಲುಗಾರ ಮೆಲ್ಲಗೆ ಅಂದ: "ನಾನಲ್ಲ ಸ್ವಾಮಿ."

ಸಂಜೆ ಆರಕ್ಕೆ ಲಿಫ್ಟು ಏರಿತು. ನಾಲ್ಕನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆದಾಗ ಒಬ್ಬ ಅಜ್ಜಿ ಚಪ್ಪಲಿ ಹಾಕಿಕೊಂಡೇ ಕಾಯುತ್ತಿದ್ದರು. ಇಪ್ಪತ್ಮೂರು ದಿನದಿಂದ ಅವರು ಬೀದಿಗೆ ಇಳಿದಿರಲಿಲ್ಲವಂತೆ. ಇಳಿದರು, ಎದುರಿನ ಅಂಗಡಿಯವರೆಗೂ ಹೋಗಿ ಏನೂ ಕೊಳ್ಳದೆ ವಾಪಸು ಬಂದರು. ಇವರ ಗ್ರೀಸು ಮೆತ್ತಿದ ಕೈ ಹಿಡಿದು, "ಇಷ್ಟು ದಿನ ಎಲ್ಲಿದ್ಯಪ್ಪ?" ಅಂದರು. ಇವರು ಫಾರಂ ತೆಗೆದು ಗೀಚಿಕೊಂಡರು. ಆ ಅಜ್ಜಿಯಲ್ಲೂ ಏನು ದೋಷ ಕಂಡಿತೋ ಅಂತ ನಾನು ಹಲ್ಲು ಕಚ್ಚಿದೆ.

ಶನಿವಾರ ಬೆಳಿಗ್ಗೆ ಅಕ್ಕನ ಮನೆ ಬಾಗಿಲಲ್ಲಿ, ನಮ್ಮ ಲಿಫ್ಟೂ ನೋಡಿ ಅಂತ ಪಕ್ಕದ ಕಟ್ಟಡದವರು. ಮಧ್ಯಾಹ್ನ ಅದರ ಪಕ್ಕದವರು. ನಾನು ಉದ್ಯಾನ, ನದಿ, ಸೇತುವೆ ಅಂತ ಚಂದ ಚಂದ ಜಾಗದ ಪಟ್ಟಿ ಮಾಡಿಕೊಂಡು ಬಂದಿದ್ದೆ. ಮನುಷ್ಯ ನದಿಯ ಕಡೆ ತಿರುಗಿಯೂ ನೋಡಲಿಲ್ಲ, ಎರಡು ದಿನವೂ ಲಿಫ್ಟಿನ ತಳದ ಗುಂಡಿಯೊಳಗೇ ಕಳೆದರು. ಊಟಕ್ಕೆ ಬಂದಾಗ ಒಂದೇ ಮಾತು: "ಇದೂ ಒಂದು ಊರಾ? ಒಂದಾದ್ರೂ ನೆಟ್ಟಗಿದೆಯಾ?"

"ನಿನ್ ಗಂಡನಿಗೆ ನಮ್ಮೂರು ಹಿಡಿಸ್ಲಿಲ್ಲ ಕಣೆ," ಅಂದಳು ಅಕ್ಕ.

ಭಾನುವಾರ ವಾಪಸು ರೈಲಿನಲ್ಲಿ ಇವರು ಬಾಯಿ ತೆರೆದು ನಿದ್ದೆಹೋದರು. ಮೂರು ವರ್ಷದಿಂದ ರಾತ್ರಿಯಲ್ಲೂ ಅಷ್ಟು ಗಾಢವಾಗಿ ಮಲಗಿದವರಲ್ಲ. ಜೇಬಿನಿಂದ ಫಾರಂ ಎರಡೂ ಇಣುಕುತ್ತಿದ್ದವು. ನಾನು ಎಳೆದು ಓದಿದೆ. ಅಕ್ಕನ ಊರಿನದು ಎರಡೂ ಬದಿ ತುಂಬಿ ಅಂಚಿಗೂ ಹರಿದಿತ್ತು. ಒಟ್ಟು ದೋಷ ನಲವತ್ತೊಂದು. ನಮ್ಮೂರಿನದರಲ್ಲಿ ಒಂದೇ ಸಾಲು. 'ದೋಷ: ಯಾವುದೂ ಇಲ್ಲ.'

ಇನ್ನೇನು ಉಳಿಯಿತು? ಅತ್ತೂ ಕರೆದೂ ಔತಣ ಮಾಡಿಸಿಕೊಳ್ಳುವ ಜಾತಿ ನಾನಲ್ಲ. ಫೋನು ತೆಗೆದು ಆ ಲ್ಯಾಬಿನ ಯಜಮಾನರಿಗೆ 'ಕ್ಷಮಿಸಿ, ಬರಲಾಗುವುದಿಲ್ಲ' ಅಂತ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಕಿಟಕಿಯ ಕಡೆ ತಿರುಗಿ, ಹನ್ನೊಂದು ವರ್ಷದ ನನ್ನ ಮೂಲೆಯನ್ನು ನೆನೆಸಿಕೊಂಡೆ.

ಇವರು ಎದ್ದರು. ಕಣ್ಣುಜ್ಜಿಕೊಂಡು, "ನಿಮ್ಮಕ್ಕನ ಬಿಲ್ಡಿಂಗಲ್ಲೇ ಎರಡನೇ ಮಹಡಿ ಖಾಲಿಯಿದ್ಯಂತೆ. ಕಾವಲುಗಾರ ಹೇಳ್ದ. ಒಂದನೇ ತಾರೀಖಿಗೆ ಹೋಗ್ಬಹುದಲ್ಲ?" ಅಂದರು.

"ಎಲ್ಲಿಗ್ರೀ?"

"ಎಲ್ಲಿಗೆ ಅಂದ್ರೆ? ನಿನ್ನ ಕೆಲ್ಸಕ್ಕೆ."

ನಾನು ಫಾರಂ ಎತ್ತಿ ಮುಖಕ್ಕೆ ಹಿಡಿದೆ. "ಮತ್ತೆ ಇದೇನು? ಅಲ್ಲಿ ನಲವತ್ತೊಂದು ದೋಷ, ಇಲ್ಲಿ ಒಂದೂ ಇಲ್ಲ ಅಂತ ನೀವೇ ಬರೆದಿದೀರ."

ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಅದೇ ಹೇಳಿದ್ದು. ದೋಷವೇ ಇಲ್ದಿರೋ ಕಡೆ ನನಗೇನು ಕೆಲ್ಸ?" ಆಮೇಲೆ ದನಿ ತಗ್ಗಿಸಿದರು. "ಮೂರು ವರ್ಷ ಆಯ್ತು, ನನ್ನನ್ನ ಯಾರೂ ಕರೆದಿಲ್ಲ. ಆ ಪರದೇಲಿ ಹಸಿರು ದೀಪ ಉರೀತಾನೇ ಇರುತ್ತೆ. ನಾನು ಸತ್ರೂ ಅದು ಹಸಿರೇ."

ಮೂರು ವರ್ಷ. ದಿನಾ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಮಾಡಿಕೊಟ್ಟವಳು ನಾನು. ಸುಖವಾಗಿದ್ದಾರೆ ಅಂದುಕೊಂಡಿದ್ದೆ. ಒಂದು ದಿನವಾದರೂ ಕೇಳಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಕೂಡಲೇ ಲ್ಯಾಬಿನ ಯಜಮಾನರಿಗೆ ಫೋನು ಹಚ್ಚಿದೆ. "ಈಗಷ್ಟೇ ಬರಲ್ಲ ಅಂದ್ರಲ್ಲಮ್ಮ?" ಅಂದರು. ತಪ್ಪಾಯಿತು, ಬರುತ್ತೇನೆ ಅಂದೆ. "ಸರಿ, ನಾಳೆವರೆಗೆ ಟೈಮಿದೆ. ಅಷ್ಟರಲ್ಲಿ ಇನ್ನೊಂದ್ಸಲ ಬದಲಾಯಿಸ್ಬೇಡಿ," ಅಂತ ಇಟ್ಟರು.

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಕಿತ್ತುಕೊಂಡು ಬಂತು. ನಮ್ಮವರು ಗಾಬರಿಯಾಗಿ ಫಾರಮ್ಮನ್ನು ಬಿಡಿಸಿ ನನ್ನ ತೊಡೆಯ ಮೇಲೆ ಹರಡಿದರು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಸಮಾಧಾನ ಮಾಡತೊಡಗಿದರು. "ಅಳ್ಬೇಡ ಕಣೆ. ನೋಡು, ಒಂದೂ ದೊಡ್ಡದಲ್ಲ. ಎಲ್ಲಾ ರಿಪೇರಿ ಆಗೋಂಥವೇ."