ಗುಂಡಿ ಎಲ್ಲಿದೆ, ಸ್ವಾಮಿ?

ಶಾಸಕಿಯಾಗಿ ಎರಡು ವರ್ಷ ಕಳೆದಿದ್ದರೂ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಂಡಕ್ಟರಮ್ಮ ಎಂದೇ. ಅವಳಿಗೂ ಅದೇ ಇಷ್ಟ. ಇಪ್ಪತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಐವತ್ತು ಸೀಟಿನ ಬಸ್ಸಿನಲ್ಲಿ ಎಂಬತ್ತು ಜನರನ್ನು ತುಂಬಿಸಿಕೊಂಡು, ಹೊಡೆದಾಟವಾಗದಂತೆ ಊರು ಮುಟ್ಟಿಸಿದವಳು. ಅವಳ ಪಾಲಿಗೆ ಸದನವೆಂದರೆ ಇನ್ನೊಂದು ಬಸ್ಸು, ಅಷ್ಟೆ. ಇಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಸೀಟಿದ್ದರೂ ಎಲ್ಲರೂ ಎದ್ದು ನಿಂತೇ ಏಕೆ ಕೂಗುತ್ತಾರೆ ಎನ್ನುವುದು ಮಾತ್ರ ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ಅವಳು ಸದನದ ಹೊರಗಿನ ಮೊಗಸಾಲೆಯಲ್ಲಿ ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತು, ಆಗಷ್ಟೇ ಕೈಗೆ ಬಂದ ಎರಡು ಹಾಳೆಗಳನ್ನು ಓದುತ್ತಿದ್ದಳು. ಸಾರಿಗೆ ಮಂತ್ರಿಗಳಿಗೆ ಅವಳು ಕೇಳಿದ್ದ ಪ್ರಶ್ನೆಗೆ ಬಂದ ಲಿಖಿತ ಉತ್ತರ ಅದು. ಅವಳು ಕೇಳಿದ್ದು ಇಷ್ಟೇ: ಕಳೆದ ತಿಂಗಳು ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋದ ಬಸ್ಸನ್ನು ಹಿಂದಿನ ದಿನ ಯಾರಾದರೂ ತಪಾಸಣೆ ಮಾಡಿದ್ದರೇ?

ಉತ್ತರ ಹೀಗಿತ್ತು: "ಹೌದು. ಸದರಿ ವಾಹನವನ್ನು ಡಿಪೋದ ತಪಾಸಣೆ ಗುಂಡಿಯ ಮೇಲೆ ನಿಲ್ಲಿಸಿ ನಿಯಮಾನುಸಾರ ಪರೀಕ್ಷಿಸಲಾಗಿದ್ದು, ಬ್ರೇಕ್ ಸುಸ್ಥಿತಿಯಲ್ಲಿದ್ದುದು ಕಂಡುಬಂದಿರುತ್ತದೆ. ಅಪಘಾತಕ್ಕೆ ಚಾಲಕನ ನಿರ್ಲಕ್ಷ್ಯವೇ ಕಾರಣವಾಗಿರುತ್ತದೆ."

ಓದಿ ಮುಗಿಸಿ ಅವಳು ಒಬ್ಬಳೇ ನಕ್ಕಳು. ಆಮೇಲೆ ಮೈ ಉರಿಯಿತು.

ತಪಾಸಣೆ ಗುಂಡಿ ಎಂದರೆ ಆಳೆತ್ತರದ ಒಂದು ಉದ್ದನೆಯ ಹಳ್ಳ. ಅದರ ಮೇಲೆ ಬಸ್ಸು ನಿಲ್ಲುತ್ತದೆ. ಮೆಕ್ಯಾನಿಕ್ ಕೆಳಗಿಳಿದು ತಲೆಯೆತ್ತಿ ಬಸ್ಸಿನ ಹೊಟ್ಟೆಯನ್ನು ನೋಡುತ್ತಾನೆ. ಅವಳು ಕೆಲಸ ಮಾಡಿದ ಆ ಡಿಪೋದಲ್ಲಿ ಇದ್ದದ್ದು ಒಂದೇ ಗುಂಡಿ. ಅದನ್ನು ನಾಲ್ಕು ವರ್ಷದ ಹಿಂದೆಯೇ ಮುಚ್ಚಿ ಮೇಲೆ ಕಟ್ಟಡ ಕಟ್ಟಿದ್ದರು. ಅಂದಿನಿಂದ ಅಲ್ಲಿ ಯಾರೂ ಯಾವ ಬಸ್ಸಿನ ಕೆಳಗೂ ನೋಡಿದವರಿಲ್ಲ. ಆದರೆ ಪ್ರಶ್ನೆ ಬಂದಾಗಲೆಲ್ಲ ಹಳೆಯ ಫೈಲು ತೆಗೆದು, ತಾರೀಕು ಬದಲಿಸಿ, ಅದೇ ಉತ್ತರ ಕಳಿಸುವುದು ಇಲಾಖೆಯವರ ರೂಢಿ. ಉತ್ತರ ಬರೆದವನು ಡಿಪೋ ನೋಡಿಲ್ಲ. ಸಹಿ ಹಾಕಿದವನು ಉತ್ತರ ನೋಡಿಲ್ಲ.

ಆ ಬಸ್ಸಿನ ಚಾಲಕ ಅವಳ ಒಡಹುಟ್ಟಿದವನೇನಲ್ಲ. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಒಂದೇ ಬುತ್ತಿ ಬಿಚ್ಚಿದವರು. ಅವಳು ಅಣ್ಣ ಎಂದಳು, ಅವನು ತಂಗಿ ಎಂದ. ಅಂದು ಬ್ರೇಕ್ ಹಿಡಿಯಲಿಲ್ಲ ಎಂದಾಗ ಅವನು ಕಣಿವೆಯ ಕಡೆ ಬಿಡದೆ, ಬಸ್ಸನ್ನು ಮಣ್ಣಿನ ದಿಬ್ಬಕ್ಕೆ ಉಜ್ಜಿಸಿಕೊಂಡೇ ಹೋಗಿ ನಿಲ್ಲಿಸಿದ. ನಲವತ್ತೊಂದು ಜನ ತಮ್ಮ ಕಾಲಮೇಲೆ ನಡೆದು ಇಳಿದರು. ಮುರಿದದ್ದು ಅವನ ಬಲಗೈ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ ಇಲಾಖೆ ಅವನನ್ನೇ ತಪ್ಪಿತಸ್ಥ ಮಾಡಿತು. ಶುಕ್ರವಾರ ಅವನನ್ನು ಕೆಲಸದಿಂದ ತೆಗೆದುಹಾಕುವ ಆದೇಶಕ್ಕೆ ಸಹಿ ಬೀಳಲಿತ್ತು.

"ಅಕ್ಕಾ, ಇಲ್ಲಿದ್ದೀರಾ!" ಪಕ್ಷದ ಸಚೇತಕ ಓಡಿಬಂದ. ಆಳುವ ಪಕ್ಷದ ಶಾಸಕರು ಸಾಲು ತಪ್ಪದಂತೆ ನೋಡಿಕೊಳ್ಳುವುದು ಅವನ ಕೆಲಸ. ಕಂಡಕ್ಟರಮ್ಮನೂ ಅದೇ ಪಕ್ಷದವಳು. "ಹನ್ನೊಂದೂ ಮುಕ್ಕಾಲಿಗೆ ಮಂತ್ರಿಗಳ ಕೊಠಡಿಗೆ ಕಾಫಿಗೆ ಬರಬೇಕಂತೆ. ಅವರ ಕಾರ್ಯದರ್ಶಿ ಕಾಯ್ತಿರ್ತಾರೆ."

"ಹನ್ನೊಂದೂ ಮುಕ್ಕಾಲಿಗೆ ಮಂತ್ರಿಗಳು ಸದನದಲ್ಲಿರ್ತಾರಲ್ಲ ತಮ್ಮಾ. ನಾನು ಯಾರ ಜೊತೆ ಕಾಫಿ ಕುಡೀಲಿ, ಕುರ್ಚಿ ಜೊತೆನಾ?"

ಅವನು ಹಲ್ಲು ಕಿರಿದ. ಸದನದ ನಿಯಮ ಇಬ್ಬರಿಗೂ ಗೊತ್ತಿತ್ತು. ಪ್ರಶ್ನೆಯ ಸಂಖ್ಯೆ ಕೂಗಿದಾಗ ಕೇಳಿದವರು ಸೀಟಿನಲ್ಲಿರಬೇಕು. ಇಲ್ಲದಿದ್ದರೆ ಹಾಳೆಯ ಮೇಲಿನ ಉತ್ತರವೇ ಕೊನೆ. ಅದರ ಮೇಲೆ ಯಾರೂ ಏನೂ ಕೇಳುವಂತಿಲ್ಲ. ಬಹಳ ಪ್ರಶ್ನೆಗಳು ಕಾಫಿಯಲ್ಲೇ ಮುಳುಗಿ ಸತ್ತಿದ್ದವು.

"ಅಕ್ಕಾ, ನಮ್ಮದೇ ಸರ್ಕಾರ. ನಮ್ಮ ಮನೆ ಪಾತ್ರೆ ನಾವೇ ಬೀದೀಲಿ ತೊಳೆಯೋದು ಬೇಡ."

"ಒಳಗೆ ತೊಳೀರಿ ಅಂತ ಮೂರು ಪತ್ರ ಬರೆದೆನಲ್ಲ. ಯಾರಾದ್ರೂ ನೀರು ಮುಟ್ಟಿದ್ರಾ?"

"ಮುಂದಿನ ಚುನಾವಣೆಗೆ ಟಿಕೆಟ್ ಬೇಡ್ವಾ ನಿಮಗೆ?"

"ಜೀವಮಾನವೆಲ್ಲ ಟಿಕೆಟ್ ಕೊಟ್ಟು ಅಭ್ಯಾಸ ನನಗೆ. ಕೈಚಾಚಿ ಅಭ್ಯಾಸ ಇಲ್ಲ. ಹೋಗು, ನಿನ್ನ ಕಾಫಿ ಆರುತ್ತೆ."

ಸಚೇತಕನ ಮುಖದಲ್ಲಿದ್ದ ನಗು ಇಳಿಯಿತು. "ನಿಮ್ಮದು ಏಳನೇ ಪ್ರಶ್ನೆ," ಎಂದ, ಹೋಗುತ್ತ ಹೋಗುತ್ತ. "ಇರೋದು ಒಂದು ಗಂಟೆ. ಏಳರವರೆಗೆ ಬರುತ್ತೋ ಇಲ್ಲವೋ, ನೋಡೋಣ."

ಅದರ ಅರ್ಥವೂ ಅವಳಿಗಾಯಿತು. ಮೊದಲ ಐದು ಪ್ರಶ್ನೆಗಳು ತಮ್ಮದೇ ಪಕ್ಷದವರವು. ಮಾತು ಎಳೆದು ಹೊತ್ತು ಕಳೆಯಲು ಅವರಿಗೆ ಹೇಳಿದ್ದಾರೆ. ಗಂಟೆ ಹನ್ನೆರಡಾದರೆ ಪ್ರಶ್ನೋತ್ತರ ಮುಗಿಯಿತು. ಆರನೆಯದು ವಿರೋಧ ಪಕ್ಷದ ಮೇಷ್ಟ್ರದ್ದು. ಮೂವತ್ತು ವರ್ಷ ಪಾಠ ಹೇಳಿ ಶಾಸಕರಾದ ಅವರಿಗೆ ಎಳೆಯಿರಿ ಎಂದು ಯಾರೂ ಹೇಳಬೇಕಿರಲಿಲ್ಲ. ಬಾಯಿ ತೆರೆದರೆ ಇಪ್ಪತ್ತು ನಿಮಿಷಕ್ಕೆ ಮೊದಲು ಮುಚ್ಚಿದ ದಾಖಲೆ ಸದನದಲ್ಲಿ ಇರಲಿಲ್ಲ.

ಅವಳು ನೇರ ಮೇಷ್ಟ್ರ ಬಳಿಗೆ ಹೋದಳು. ಅವರು ಮೂಲೆಯಲ್ಲಿ ಕನ್ನಡಕ ಒರೆಸುತ್ತಿದ್ದರು. ಹಾಳೆ ಕೈಗಿಟ್ಟು ವಿಷಯವೆಲ್ಲ ಹೇಳಿದಳು.

"ನನ್ನ ಪ್ರಶ್ನೆಯೂ ಸಣ್ಣದೇನಲ್ಲಮ್ಮ," ಎಂದರು ಮೇಷ್ಟ್ರು. "ನೂರಾರು ಶಾಲೆಗಳ ಚಾವಣಿ ಸೋರ್ತಿದೆ. ನಾಲ್ಕು ತಿಂಗಳು ಕಾದು ಸರದಿ ಬಂದಿದೆ. ಅದನ್ನ ಬಿಟ್ಟು ನಿನಗೆ ದಾರಿ ಬಿಡು ಅಂತೀಯಾ? ಅದೂ ಆ ಕಡೆ ಪಕ್ಷದವಳು ಬಂದು?"

"ಬಿಡಿ ಅನ್ನಲ್ಲ ಮೇಷ್ಟ್ರೇ. ಬೇಗ ಇಳೀರಿ ಅಂತೀನಿ, ಅಷ್ಟೆ."

"ನಾನೇನು ನಿನ್ನ ಬಸ್ಸಿನ ಪ್ರಯಾಣಿಕನಾ?" ಎಂದು ಅವರು ಸಿಡುಕಿ ಕನ್ನಡಕ ಹಾಕಿಕೊಂಡರು. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸರದಿಯಲ್ಲಿ ನಿಂತವನಿಗೆ ಸರದಿಯ ಬೆಲೆ ಗೊತ್ತಿರುತ್ತದೆ.

ಹನ್ನೊಂದಕ್ಕೆ ಸದನ ಸೇರಿತು. ಅವಳು ಮೂರನೇ ಸಾಲಿನ ತನ್ನ ಸೀಟಿನಲ್ಲಿ ಬೇರು ಬಿಟ್ಟವಳಂತೆ ಕೂತಳು. ಮೊದಲನೆಯವನು ಒಂದು ಸೇತುವೆಯ ಬಗ್ಗೆ ಕೇಳಿ, ಮಂತ್ರಿಗಳನ್ನು ಹೊಗಳಿ, ಮತ್ತೆ ಸೇತುವೆಗೆ ಬರಲು ಹದಿನಾಲ್ಕು ನಿಮಿಷ ತೆಗೆದುಕೊಂಡ. ಎರಡನೆಯವನು ಮೊದಲನೆಯವನಿಗೆ ಧನ್ಯವಾದ ಹೇಳಿದ. ಮೂರನೆಯವನಿಗೆ ಕೆಮ್ಮು ಬಂತು, ನೀರು ತರಿಸಿದರು. ಸಚೇತಕ ಹಿಂದಿನ ಸಾಲಿನಿಂದ ಬೆರಳಾಡಿಸಿ, ಎಳೆಯಿರಿ, ಇನ್ನೂ ಎಳೆಯಿರಿ ಎಂದು ಸನ್ನೆ ಮಾಡುತ್ತಿದ್ದ. ಐದನೆಯವನು ಕೂರುವಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಆರು ನಿಮಿಷ.

"ಪ್ರಶ್ನೆ ಸಂಖ್ಯೆ ಆರು," ಎಂದರು ಸಭಾಧ್ಯಕ್ಷರು.

ಮೇಷ್ಟ್ರು ನಿಧಾನವಾಗಿ ಎದ್ದರು. ಆಳುವ ಪಕ್ಷದವರು ನೆಮ್ಮದಿಯಿಂದ ಹಿಂದಕ್ಕೊರಗಿದರು.

"ಉತ್ತರ ಓದಿದ್ದೇನೆ ಸಭಾಧ್ಯಕ್ಷರೇ," ಎಂದರು ಮೇಷ್ಟ್ರು. "ಪೂರಾ ಸುಳ್ಳು. ಆದರೆ ಕಾಗುಣಿತ ತಪ್ಪಿಲ್ಲ, ಅದಕ್ಕೆ ಎರಡು ಅಂಕ ಕೊಟ್ಟಿದ್ದೇನೆ. ಸಾಕು." ಕೂತರು.

ಸಚೇತಕನ ಬೆರಳು ಗಾಳಿಯಲ್ಲೇ ನಿಂತಿತು.

"ಪ್ರಶ್ನೆ ಸಂಖ್ಯೆ ಏಳು."

"ಉತ್ತರವನ್ನು ಒದಗಿಸಲಾಗಿದೆ," ಎಂದು ಸಾರಿಗೆ ಮಂತ್ರಿಗಳು ಅರ್ಧ ಎದ್ದು, ಹೇಳಿ, ಅರ್ಧ ಕೂತರು.

ಕಂಡಕ್ಟರಮ್ಮ ಎದ್ದಳು. "ಒಂದೇ ಒಂದು ಮಾತು ಕೇಳ್ತೀನಿ. ಬಸ್ಸನ್ನ ಗುಂಡಿ ಮೇಲೆ ನಿಲ್ಲಿಸಿ ನೋಡಿದ್ವಿ ಅಂತ ಬರೆದಿದ್ದೀರಿ. ಆ ಗುಂಡಿ ಎಲ್ಲಿದೆ, ಸ್ವಾಮಿ?"

"ಡಿಪೋದಲ್ಲಿದೆ," ಎಂದರು ಮಂತ್ರಿಗಳು. ಅವರ ಪಕ್ಕದವರು ನಕ್ಕರು.

"ಡಿಪೋದಲ್ಲಿ ಎಲ್ಲಿ?"

ಮಂತ್ರಿಗಳು ಅಧಿಕಾರಿಗಳು ಕೂರುವ ಕಡೆ ಕಣ್ಣು ಹಾಯಿಸಿದರು. ಅಲ್ಲಿ ಹಾಳೆ ಮಗುಚುವ ಸದ್ದಾಯಿತು. ಒಂದು ಚೀಟಿ ಕೈಯಿಂದ ಕೈಗೆ ದಾಟಿ ಬಂತು. ಮಂತ್ರಿಗಳು ಓದಿದರು: "ಪಶ್ಚಿಮದ ಮೂಲೆಯಲ್ಲಿ. ಹನ್ನೆರಡು ಮೀಟರ್ ಉದ್ದ. ಸುಸ್ಥಿತಿಯಲ್ಲಿದೆ."

"ಪಶ್ಚಿಮದ ಮೂಲೆಯಲ್ಲಿ ಇರೋದು ಸಿಬ್ಬಂದಿ ವಿಶ್ರಾಂತಿ ಕೊಠಡಿ," ಎಂದಳು ಅವಳು. "ಗುಂಡಿಗೆ ಮಣ್ಣು ತುಂಬಿ, ಕಾಂಕ್ರೀಟು ಹಾಕಿ, ಅದರ ಮೇಲೇ ಕಟ್ಟಿದ್ದು. ಹೊಸ ಗುಂಡಿ ಮುಂದಿನ ವರ್ಷ ತೋಡ್ತೀವಿ ಅಂದ್ರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ಬಾಗಿಲ ಪಕ್ಕ ಉದ್ಘಾಟನೆ ಕಲ್ಲಿದೆ, ಅದರ ಮೇಲೆ ತಮ್ಮದೇ ಹೆಸರಿದೆ. ಅವತ್ತು ಕತ್ತರಿ ಇಟ್ಟಿದ್ದ ತಟ್ಟೆ ಹಿಡಿದು ನಿಂತಿದ್ದವಳು ನಾನೇ, ಜ್ಞಾಪಕ ಇದೆಯಾ ಸ್ವಾಮಿ? ಆ ಕೋಣೇಲಿ ಆರು ಮಂಚ ಇದೆ. ಬಸ್ಸನ್ನ ಯಾವ ಮಂಚದ ಮೇಲೆ ಮಲಗಿಸಿ ತಪಾಸಣೆ ಮಾಡಿದ್ರಿ?"

ನಗು ಎರಡೂ ಕಡೆಯಿಂದ ಎದ್ದಿತು. ಮಂತ್ರಿಗಳ ಕೈಯಲ್ಲಿದ್ದ ಚೀಟಿ ಮಡಚಿಕೊಂಡು ಮಡಚಿಕೊಂಡು ಕಡಲೆಕಾಳಿನಷ್ಟಾಯಿತು. "ಮಾಹಿತಿ ತರಿಸಿಕೊಂಡು... ಸದಸ್ಯರಿಗೆ ಒದಗಿಸಲಾಗುವುದು," ಎಂದರು.

ಅಷ್ಟರಲ್ಲಿ ಗಂಟೆ ಬಾರಿಸಿತು. "ವೇಳೆ ಮುಗಿಯಿತು," ಎಂದರು ಸಭಾಧ್ಯಕ್ಷರು. "ಸದಸ್ಯರು ಕೂತುಕೊಳ್ಳಬೇಕು."

ಅವಳು ಕೂರಲಿಲ್ಲ.

"ಕೂತ್ಕೊಳ್ಳಿ ಅಕ್ಕಾ!" ಹಿಂದಿನಿಂದ ಸಚೇತಕ. "ಕೂತ್ಕೊಳ್ಳಮ್ಮ!" ತನ್ನ ಸಾಲಿನವರೇ.

"ಇಪ್ಪತ್ತೆರಡು ವರ್ಷ ನಿಂತೇ ಅನ್ನ ತಿಂದವಳು ನಾನು. ಸಂಜೆವರೆಗೆ ನಿಲ್ಲಿಸಿದ್ರೂ ಕಾಲು ನೋಯಲ್ಲ," ಎಂದಳು ಅವಳು. ಎಂಬತ್ತು ಜನರ ಗದ್ದಲದ ಮೇಲೆ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಮುಟ್ಟುತ್ತಿದ್ದ ದನಿ ಅದು. ಮೈಕು ಆರಿಸಿದ್ದರೂ ಮೂಲೆಮೂಲೆಗೆ ಕೇಳಿತು. "ನಾಡಿದ್ದು ಶುಕ್ರವಾರ ಒಬ್ಬ ಮನುಷ್ಯನ ಕೆಲಸ ತೆಗೀತಾರೆ. ಇಲ್ಲದ ಗುಂಡೀಲಿ ನೋಡಿದ ಬ್ರೇಕು ಚೆನ್ನಾಗಿತ್ತು ಅನ್ನೋದೊಂದೇ ಅದಕ್ಕಿರೋ ಸಾಕ್ಷಿ. ಮಾಹಿತಿ ಆಮೇಲೆ ಬಂದರೆ ಅವನಿಗೇನು ಪ್ರಯೋಜನ? ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ."

ವಿರೋಧ ಪಕ್ಷದವರಿಗೆ ಹಬ್ಬದೂಟ ಸಿಕ್ಕಂತಾಯಿತು. ಮೇಜು ಕುಟ್ಟುತ್ತ, ನಾಚಿಕೆಗೇಡು, ರಾಜೀನಾಮೆ ಎಂದು ಕೂಗತೊಡಗಿದರು.

ಅವಳು ಅವರ ಕಡೆ ತಿರುಗಿದಳು. "ನೀವು ಸುಮ್ನಿರಿ! ನಿಮ್ಮ ಕಾಲದಲ್ಲಿ ಗುಂಡಿ ಇತ್ತು, ಅದರೊಳಗೆ ಮೊಣಕಾಲುದ್ದ ನೀರಿತ್ತು. ಕಪ್ಪೆ ಬಿಟ್ರೆ ಇನ್ಯಾರೂ ಇಳೀತಿರಲಿಲ್ಲ."

ಕುಟ್ಟುತ್ತಿದ್ದ ಕೈಗಳು ತಣ್ಣಗಾದವು. ಮೇಷ್ಟ್ರೊಬ್ಬರು ಮಾತ್ರ ಬಾಯಿಗೆ ಕರವಸ್ತ್ರ ಇಟ್ಟುಕೊಂಡು ಕುಲುಕುತ್ತಿದ್ದರು.

ಸದನದ ಕಾವಲಿನವರು ಇಬ್ಬರು ಅವಳ ಸಾಲಿನ ತುದಿಗೆ ಬಂದು ನಿಂತು ಸಭಾಧ್ಯಕ್ಷರ ಮುಖ ನೋಡಿದರು. ಸಭಾಧ್ಯಕ್ಷರು ಅವಳನ್ನು ನೋಡಿದರು, ಗಡಿಯಾರ ನೋಡಿದರು, ಮಂತ್ರಿಗಳನ್ನು ನೋಡಿದರು. ಬೇಡ ಎನ್ನುವಂತೆ ಕಾವಲಿನವರಿಗೆ ಕೈಯಾಡಿಸಿದರು.

"ಮಂತ್ರಿಗಳೇ, ಗುಂಡಿ ಇದೆಯೋ ಇಲ್ಲವೋ? ಒಂದೇ ಮಾತು," ಎಂದರು ಸಭಾಧ್ಯಕ್ಷರು.

ಮಂತ್ರಿಗಳು ಮತ್ತೆ ಅಧಿಕಾರಿಗಳ ಕಡೆ ನೋಡಿದರು. ಈ ಸಲ ಚೀಟಿ ಬರಲಿಲ್ಲ; ಅಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ಇದ್ದಂತೆ... ಕಾಣುವುದಿಲ್ಲ."

"ಹಾಗಾದರೆ ಚಾಲಕ?" ಎಂದಳು ಕಂಡಕ್ಟರಮ್ಮ.

"ಚಾಲಕನ ಮೇಲಿನ ಕ್ರಮ ತಡೆಹಿಡಿದು, ಹೊಸದಾಗಿ ತನಿಖೆ ಮಾಡಿಸಲಾಗುವುದು."

ಆ ಮಾತನ್ನು ಬರೆದುಕೊಳ್ಳುವವರ ಪೆನ್ನು ನಿಲ್ಲುವವರೆಗೂ ಕಾದು ಅವಳು ಕೂತಳು.

ಹೊರಗೆ ಸಚೇತಕ ಕಾದಿದ್ದ. "ಪಕ್ಷದಿಂದ ನೋಟಿಸು ಬರುತ್ತೆ. ಕಾರಣ ಕೇಳ್ತಾರೆ."

"ಬರಲಿ ತಮ್ಮಾ. ಉತ್ತರ ನನ್ನ ಕೈಯಾರೆ ಬರೀತೀನಿ. ಹಳೇ ಫೈಲು ನೋಡಿ ನಕಲು ಹೊಡೆಯಲ್ಲ."

ಮೊಗಸಾಲೆಯ ಬೆಂಚಿಗೆ ಹೋಗಿ ಅಣ್ಣನಿಗೆ ಫೋನು ಮಾಡಿದಳು. ಅವನು ಎಡಗೈಯಲ್ಲಿ ಫೋನು ಹಿಡಿದು ತಡಕಾಡುವ ಸದ್ದು ಮೊದಲು ಕೇಳಿತು.

"ಟೀವೀಲಿ ನೋಡಿದೆ ತಂಗಿ. ಮ್ಯಾನೇಜರು ಆಗಲೇ ಟೇಪು ಹಿಡ್ಕೊಂಡು ಡಿಪೋ ಅಂಗಳ ಅಳೀತಿದಾನಂತೆ. ಆದ್ರೆ ತಡೆಹಿಡೀತೀವಿ ಅಂದ್ರೆ ಬಿಟ್ಟುಬಿಟ್ವಿ ಅಂತಲ್ಲ. ಈ ಡಿಪೋ ಒಂದರಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಅಂತಾರೆ. ನಾಲ್ಕು ದಿನ ಬಿಟ್ಟು, ಗುಂಡಿ ಇರಲಿ ಬಿಡಲಿ, ತಪ್ಪು ಇವನದೇ ಅಂತ ಮತ್ತೆ ನನ್ನ ತಲೆಗೇ ಕಟ್ತಾರೆ."

"ಬೇರೆ ಡಿಪೋಗಳಲ್ಲಿ ಗುಂಡಿ ಇದೆಯಾ ಅಣ್ಣ?"

"ಕೆಲವು ಕಡೆ ಇದೆ. ಕೆಲವು ಕಡೆ ಗೋದಾಮು ಮಾಡ್ಕೊಂಡಿದಾರೆ. ನೋಡಿದವರು ಯಾರು?"

"ಎಲ್ಲಾ ಕಡೆದೂ ಸದನದಲ್ಲಿ ದಾಖಲಾದ್ರೆ, ತಪ್ಪನ್ನ ಒಬ್ಬ ಚಾಲಕನ ತಲೆಗೆ ಕಟ್ಟೋಕಾಗಲ್ಲ ಅಣ್ಣ."

ಅವಳು ಫೋನು ಇಟ್ಟು ನೆಲಮಹಡಿಗೆ ಇಳಿದು, ಪ್ರಶ್ನೆಗಳನ್ನು ತೆಗೆದುಕೊಳ್ಳುವ ಕಚೇರಿಗೆ ಹೋದಳು. ಮೇಜಿನ ಹಿಂದೆ ಕನ್ನಡಕದ ಗುಮಾಸ್ತ ಊಟದ ಡಬ್ಬಿ ತೆರೆಯುತ್ತಿದ್ದ.

"ಅದೇ ಪ್ರಶ್ನೆ ಈ ಅಧಿವೇಶನದಲ್ಲಿ ಮತ್ತೆ ಕೇಳೋ ಹಾಗಿಲ್ಲ ಮೇಡಮ್," ಎಂದ, ಅವಳು ಬಾಯಿ ತೆರೆಯುವ ಮೊದಲೇ.

"ಡಿಪೋ ಬೇರೆಯಾದ್ರೆ?"

ಗುಮಾಸ್ತ ಡಬ್ಬಿ ಮುಚ್ಚಿ ನಿಯಮದ ಪುಸ್ತಕ ತೆಗೆದ. ಬೆರಳು ಸಾಲಿನ ಮೇಲೆ ಓಡಿತು, ನಿಂತಿತು. "ಡಿಪೋ ಬೇರೆಯಾದ್ರೆ... ಪ್ರಶ್ನೆ ಬೇರೆ."

"ಒಟ್ಟು ಎಷ್ಟು ಡಿಪೋ ಇದೆ?"

"ನಲವತ್ತಮೂರು. ಆದರೆ ದಿನಕ್ಕೆ ಐದೇ ಅರ್ಜಿ ತಗೊಳ್ಳೋದು ಮೇಡಮ್. ನಿಯಮ."

"ನಿಯಮ ಮುರಿಯೋಕೆ ಬಂದವಳಲ್ಲ ನಾನು. ಐದು ಕೊಡಿ." ಅವಳು ಕುರ್ಚಿ ಎಳೆದುಕೊಂಡು ಕೂತು ಪೆನ್ನಿನ ಮುಚ್ಚಳ ತೆಗೆದಳು. "ನೀವು ಊಟ ಮಾಡಿ, ನಾನು ಬರೀತಿರ್ತೀನಿ. ನಾಳೆ ಎಷ್ಟು ಗಂಟೆಗೆ ಬಾಗಿಲು ತೆಗೀತೀರಿ?"