ಎಪ್ಪತ್ತೊಂದನೆಯ ಗಂಟೆ

ಹೊಸ ಕೋಣೆಗೆ ಮೂರು ಕಡೆ ಗಾಜು. ಒಳಗೆ ಕೂತವಳು ಮೂಗು ತುರಿಸಿಕೊಂಡರೂ ಇಡೀ ಮಹಡಿಗೆ ಗೊತ್ತಾಗುತ್ತದೆ. ಕಂಪನಿಯ ಮುಖ್ಯಸ್ಥೆಯಾಗಿ ಅದು ನನ್ನ ಮೊದಲ ದಿನ. ಬೆಳಿಗ್ಗೆಯೇ ಅಮ್ಮ ಫೋನ್ ಮಾಡಿ, "ಕುರ್ಚೀಲಿ ಕೂತು ಒಂದು ಫೋಟೊ ಕಳ್ಸೇ. ಮುಖ ಮಾತ್ರ ಗಂಟು ಹಾಕ್ಕೋಬೇಡ, ನಿಮ್ಮ ಚಿಕ್ಕಮ್ಮನಿಗೆ ತೋರಿಸ್ಬೇಕು," ಅಂದಿದ್ದಳು.

ಫೋಟೊ ತೆಗೆಯುವ ಮೊದಲೇ ಮೇಷ್ಟ್ರು ಬಂದರು. ಅವರು ಗುಣಮಟ್ಟ ವಿಭಾಗದ ಹಿರಿಯರು. ನಮ್ಮೆಲ್ಲರ ವರದಿಗಳ ತಪ್ಪು ತಿದ್ದುತ್ತಲೇ ತಲೆ ನೆರೆಸಿಕೊಂಡವರಾದ್ದರಿಂದ ಆ ಹೆಸರು.

"ಬೋಣಿ ಸಹಿ, ಮೇಡಂ," ಎಂದು ಕಡತ ಇಟ್ಟರು. "ಒಂದು ದೂರು. ಮುಗಿಸಿಬಿಡೋಣ."

ನಮ್ಮ ಪಂಪು ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುತ್ತದೆ. ಒಂದು ಆಸ್ಪತ್ರೆಯಲ್ಲಿ ಅದು ಎಪ್ಪತ್ತು ಗಂಟೆ ಸತತವಾಗಿ ಓಡಿ, ಎಪ್ಪತ್ತೊಂದನೆಯ ಗಂಟೆಯಲ್ಲಿ ನಿಂತುಹೋಗಿತ್ತು. ನರ್ಸ್ ಗಮನಿಸಿದ್ದು ಇಪ್ಪತ್ತು ನಿಮಿಷ ತಡವಾಗಿ. ರೋಗಿ ಹೇಗೋ ಉಳಿದುಕೊಂಡ. ಎಚ್ಚರಿಕೆಯ ಸದ್ದು ಬರಲೇ ಇಲ್ಲ ಎಂದು ನರ್ಸ್ ಹೇಳಿದ್ದಳು. ಮೇಷ್ಟ್ರು ಸಿದ್ಧಪಡಿಸಿದ ಉತ್ತರ ಹೀಗಿತ್ತು: ಪಂಪೂ ಅದರ ಎಚ್ಚರಿಕೆಯ ಸದ್ದೂ ಎಪ್ಪತ್ತೆರಡು ಗಂಟೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿವೆ, ಸದ್ದನ್ನು ಸಿಬ್ಬಂದಿ ಗಮನಿಸಿಲ್ಲ.

"ಆ ನರ್ಸ್ ಹುಡುಗಿ ಕೆಲಸ ಏನಾಯ್ತು?" ಎಂದೆ.

"ಅಮಾನತಲ್ಲಿ ಇಟ್ಟಿದಾರಂತೆ. ನಮ್ಮ ಉತ್ತರ ನೋಡ್ಕೊಂಡು ತೀರ್ಮಾನ ಮಾಡ್ತಾರಂತೆ. ಅದು ಅವರ ಮನೆ ವಿಷಯ ಬಿಡಿ. ಪರೀಕ್ಷೆ ಮಾಡಿದ್ದು ಯಾರು? ನೀವೇ! ಇನ್ನೇನು ಸಾಕ್ಷಿ ಬೇಕು?"

ಗಾಜಿನಾಚೆ ನಾಲ್ಕು ಜನ ಹೂಗುಚ್ಛ ಹಿಡಿದು, ಮೇಷ್ಟ್ರು ಹೊರಬರುವುದನ್ನೇ ಕಾಯುತ್ತಿದ್ದರು. ನಾನು ಅವರತ್ತ ನಕ್ಕೆ. ಬೆನ್ನು ಒದ್ದೆಯಾಗಿತ್ತು.

ಹನ್ನೊಂದು ವರ್ಷದ ಹಿಂದೆ, ಪರೀಕ್ಷೆಯ ಎಪ್ಪತ್ತು ಗಂಟೆ ಮುಗಿದ ಹೊತ್ತಿಗೆ, ನಾನು ಚಹಾ ಕುಡಿಯಲು ಹೋಗಿದ್ದೆ. ಬ್ಯಾಟರಿ ತೆಗೆದಿಟ್ಟು ನಡೆಸುತ್ತಿದ್ದ ಪರೀಕ್ಷೆ ಅದು. ಬಂದು ನೋಡಿದರೆ ಕಸ ಎಳೆಯುವ ಯಂತ್ರ ಗುರ್ ಎನ್ನುತ್ತಿತ್ತು, ಪ್ಲಗ್ ಕಿತ್ತಿದ್ದ ನನ್ನ ಪಂಪು ತಣ್ಣಗಿತ್ತು. "ಒಂದೇ ನಿಮಿಷ ಕಣಮ್ಮಾ, ಮತ್ತೆ ಚುಚ್ತೀನಿ," ಅಂದಳು ಗುಡಿಸುವ ಅಕ್ಕ. ನಿಯಮದ ಪ್ರಕಾರ ಮೊದಲಿನಿಂದ ಮೂರು ದಿನ ಓಡಿಸಬೇಕು. ವರದಿ ಮಧ್ಯಾಹ್ನವೇ ಬೇಕಿತ್ತು. ಎಪ್ಪತ್ತು ಗಂಟೆ ಓಡಿದ್ದು ಇನ್ನೆರಡು ಗಂಟೆ ಓಡದೇ ಇರುತ್ತದೆಯೇ ಎಂದುಕೊಂಡು 72 ಎಂದು ಬರೆದೆ. ಆ ವರದಿಯಿಂದ ತಂಡದ ನಾಯಕಿಯಾದೆ, ಆಮೇಲೆ ವಿಭಾಗ, ಈಗ ಈ ಕುರ್ಚಿ. ಪ್ರತಿ ಬಡ್ತಿಯಲ್ಲೂ ಹೇಳಿಬಿಡಬೇಕೆಂದುಕೊಂಡಿದ್ದೆ. ಪ್ರತಿ ಬಡ್ತಿಯಲ್ಲೂ ಹೇಳುವುದು ಇನ್ನಷ್ಟು ಕಷ್ಟವಾಗಿತ್ತು.

"ನನ್ನ ಹಳೇ ಪರೀಕ್ಷಾ ಪುಸ್ತಕ ತರಿಸಿ."

"ಏನು ಮೇಡಂ, ಹಳೇ ಪ್ರೀತಿನಾ?" ಎನ್ನುತ್ತಲೇ ತರಿಸಿದರು.

ನಮ್ಮ ಪುಸ್ತಕಗಳಲ್ಲಿ ಏನನ್ನೂ ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನದು ಓದುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ಸಹಿ, ತಿದ್ದಿದ ದಿನದ ತಾರೀಖು. 72ರ ಮೇಲೆ ಗೆರೆ ಎಳೆದೆ. ಸೊಟ್ಟಗಾಯಿತು. 70 ಎಂದು ಬರೆದು ಸಹಿ ಹಾಕಿದೆ.

ಮೇಷ್ಟ್ರ ಮುಖದ ನಗು ಆರಿತು. "ಏನಮ್ಮಾ ಇದು?" ಮೇಡಂ ಹೋಗಿ ಹಳೆಯ ಅಮ್ಮಾ ಬಂದಿತ್ತು. "ಆ ಹುಡುಗಿಗೆ ಬೇರೆ ಕೆಲಸ ಸಿಗುತ್ತೆ. ನಿನಗೆ ಯಾರು ಕೊಡ್ತಾರೆ? ಪುಸ್ತಕ ಕಳೆದುಹೋಯ್ತು ಅಂತೀನಿ. ಕೊಡು ಇಲ್ಲಿ."

ಕೊಡಲು ನನ್ನ ಕೈ ಮುಂದೆ ಹೋಗಿತ್ತು. ಹೆದರಿಕೆಯಾಗಿದ್ದು ಅದನ್ನು ನೋಡಿಯೇ. ಪುಸ್ತಕದ ಮೇಲೆ ಮೊಣಕೈ ಊರಿದೆ. "ಆಸ್ಪತ್ರೆಗಳಿಗೆ ಬರೀರಿ. ಓಡ್ತಿರೋ ಪಂಪೆಲ್ಲ ಬದಲಾಯಿಸ್ಬೇಕು," ಎಂದು, ದೂರಿನಲ್ಲಿದ್ದ ನರ್ಸ್ ನಂಬರನ್ನು ಒತ್ತಿದೆ.

ನಾನು ಯಾರೆಂದು ಹೇಳಿದ ಕೂಡಲೇ ಅವಳು ಶುರುಮಾಡಿದಳು: "ಮೇಡಂ, ನಾನು ಅಲ್ಲೇ ಇದ್ದೆ. ದೇವರಾಣೆ ಸದ್ದು ಬರ್ಲಿಲ್ಲ. ಯಾರೂ ನಂಬ್ತಾನೇ ಇಲ್ಲ."

"ನಾನು ನಂಬ್ತೀನಮ್ಮಾ."

"ಯಾಕೆ?" ಎಂದಳು, ಅನುಮಾನದಿಂದಲೇ.

"ಪರೀಕ್ಷೆ ಪೂರ್ತಿ ಮಾಡಿರ್ಲಿಲ್ಲ," ಎಂದೆ. "ಮಾಡ್ಬೇಕಾಗಿದ್ದೋಳು ನಾನೇ."