ಫಿಲ್ಟರಿನ ಆಯುಷ್ಯ

೧
ಎಲ್ಲಿಂದ ಶುರು ಮಾಡಲಿ? ಜೇವರ್ಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಬರೆದು ಹೊಡೆದು ಹಾಕಿದೆ. ಅದು ಎಲ್ಲರಿಗೂ ಗೊತ್ತು. ಮಷೀನ್ ಲರ್ನಿಂಗ್ ಎಂದು ಶುರು ಮಾಡಿದರೆ ನೀವು ಪುಟ ತಿರುವುತ್ತೀರಿ.

ಹೋಗಲಿ, ಪಂಚಶೀಲಾಳಿಂದಲೇ ಶುರುವಾಗಲಿ. ನೆಲೋಗಿ ದಾಟಿದರೆ ಸಿಗುವ ಒಂದೂರಿನಲ್ಲಿ (ಹೆಸರು ಹೇಳಿದರೆ ಊರಿನವರು ನನ್ನ ಮನೆಗೆ ಬರುತ್ತಾರೆ) ಉಪ್ಪುನೀರು ಸೋಸುವ ಘಟಕದ ಆಪರೇಟರ್ ಆಕೆ.

೨
ಆಳಂದ, ಅಫಜಲಪುರ, ಜೇವರ್ಗಿಯ ನಲವತ್ತು ಘಟಕಗಳಲ್ಲಿ ಯಾವ ಫಿಲ್ಟರ್ ಯಾವಾಗ ಕೆಡುತ್ತದೆ ಎಂದು ಕಂಪ್ಯೂಟರ್ ಮೊದಲೇ ಹೇಳಬೇಕು. ಅದಕ್ಕೆ ಪಾಠ ಮಾಡಿದವನು ಖಜೂರಿಯ ಸತೀಶಕುಮಾರ, ಪಂಚಶೀಲಾಳಂತೆ ಅವನದೂ ಬುದ್ಧನ ಫೋಟೋ ಇರುವ ಮನೆ. ಅವಸರದಲ್ಲಿ ಆಪರೇಟರುಗಳ ನೇಮಕಾತಿ ಪಟ್ಟಿಯನ್ನು ಇದ್ದಂತೆಯೇ ಸೇರಿಸಿಬಿಟ್ಟ. ಅದರಲ್ಲಿ ಎಸ್‌ಸಿ, ಎಸ್‌ಟಿ ಎಂದೆಲ್ಲ ತುಂಬುವ ಕೆಟಗರಿ ಎಂಬ ಕಾಲಂ ಇತ್ತು.

ಕಂಪ್ಯೂಟರ್ ಬೇರೆಲ್ಲ ಬಿಟ್ಟು ಅದನ್ನೇ ಹಿಡಿಯಿತು.

೩
(ಈ ಭಾಗವನ್ನು ನಾಲ್ಕು ಸಲ ಬರೆದೆ. ಮೂರರಲ್ಲಿ ಪಂಚಶೀಲಾ ಅತ್ತಳು. ಆಕೆ ಒಪ್ಪಲಿಲ್ಲ.)

"ಅಕ್ಕಾ, ನಿಮ್ಮ ಫಿಲ್ಟರ್ ಎಂಟೇ ತಿಂಗಳು ಬರ್ತದಂತ ತೋರಿಸಾಕತ್ತದ," ಎಂದ ಸತೀಶಕುಮಾರ.

"ದಿನಾ ಮುಂಜಾನಿ ನಾನೇ ತೊಳಿತೇನಲ್ಲ."

"ನೀರು ಒಯ್ಯೋರು ಕಡಿಮಿ. ಮಷೀನ್ ಸುಮ್ನ ನಿಂತ್ರ ಒಳಗ ಉಪ್ಪು ಕಟ್ತದ."

"ಯಾಕ ಕಡಿಮಿ ಅಂತ ನಿನ್ನ ಕಂಪ್ಯೂಟರಿಗೆ ಗೊತ್ತದೇನು, ತಮ್ಮಾ?"

ಗೊತ್ತಿತ್ತು. ಅವನು ಲ್ಯಾಪ್‌ಟಾಪ್ ಮುಚ್ಚಿದ.

೪
ವರದಿ ಆಗಲೇ ಪಂಚಾಯಿತಿ ತಲುಪಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮಾತಿಗೊಮ್ಮೆ ಬಸವಣ್ಣನ ಹೆಸರೆತ್ತುವ ಮೆಂಬರ್ ಶಾಂತಲಿಂಗಪ್ಪ ಅಂದರು: "ನಾವ್ಯಾರೂ ಭೇದ ಮಾಡಿಲ್ರಿ. ಆಕಿ ಕೈಯಾಗ ಫಿಲ್ಟರ್ ಬಾಳಂಗಿಲ್ಲಂತ ಕಂಪ್ಯೂಟರೇ ಹೇಳಾಕತ್ತದ. ಸೋಮವಾರದಿಂದ ಆಕಿನ್ನ ಕಸ ಹೊಡಿಯೋ ಕೆಲಸಕ್ಕ ಹಾಕ್ರಿ."

ಇದನ್ನು ಬರೆಯುವಾಗ ನನಗೆ ಮೈಯೆಲ್ಲ ಉರಿಯಿತು. ಉರಿದರೆ ಏನಾಯಿತು? ಚಹಾ ಕುಡಿದು ಮುಂದೆ ಬರೆದೆ.

೫
ಮುಕ್ತಾಯ ಒಂದು: ಸತೀಶಕುಮಾರ ಆ ಕಾಲಂ ಅಳಿಸುತ್ತಾನೆ. ಕಂಪ್ಯೂಟರ್ ಹೇಳುವ ಭವಿಷ್ಯ ತಪ್ಪತೊಡಗುತ್ತದೆ, ಅವನ ಕೆಲಸ ಹೋಗುತ್ತದೆ, ಮುಂದೆ ಬಂದವನು ಮತ್ತೆ ಸೇರಿಸುತ್ತಾನೆ.

ಮುಕ್ತಾಯ ಎರಡು: ಸೋಮವಾರ ಊರಿಗೆ ಊರೇ ಕೊಡ ಹಿಡಿದು ಪಂಚಶೀಲಾಳ ಮುಂದೆ ಸಾಲು ನಿಲ್ಲುತ್ತದೆ.

"ಸರ, ಇದು ಯಾವ ಊರಾಗ್ರಿ?" ಘಟಕದಲ್ಲಿ ಕೂತು ನಾನು ಓದಿ ಹೇಳಿದ್ದಕ್ಕೆ ಪಂಚಶೀಲಾ ಕೇಳಿದಳು.

"ಮತ್ತೆ ಹೇಗೆ ಮುಗಿಸಲಿ?"

"ಊರಿಂದು ಆಮ್ಯಾಲ ನೋಡೋಣು. ನೀವು ಬಂದು ತಾಸಾಯ್ತು. ಬಿಸಲಾಗ ಬಂದೀರಿ, ನೀರು ತಗೋರಿ."

ನಳ ತಿರುಗಿಸಿ, ಸ್ಟೀಲ್ ಲೋಟ ತುಂಬಿ ನನ್ನ ಕಡೆ ಚಾಚಿದಳು.

ಬ್ಯಾಗಿನಲ್ಲಿ ಬಾಟಲಿ ಇದೆ ಎಂದೆ. ನಿಜವಾಗಿಯೂ ಇತ್ತು. ಹೊರಗಿನ ನೀರು ನನಗೆ ಆಗಿಬರುವುದಿಲ್ಲ ಎಂದೆ. ಅದೂ ನಿಜವೇ, ಡಾಕ್ಟರ್ ಹೇಳಿದ್ದಾರೆ.

ಆಕೆ ಕೈ ಹಿಂದೆ ತೆಗೆದುಕೊಂಡಿಲ್ಲ. ಸೋಮವಾರ ಇನ್ನೂ ಬಂದಿಲ್ಲ. ಲೋಟ ತೆಗೆದುಕೊಂಡೆನೋ ಇಲ್ಲವೋ ಎಂದು ನಾನು ಬರೆಯುವುದಿಲ್ಲ, ನೀವೂ ಕೇಳಬೇಡಿ.